ಬಾಣಂತಿಯ ಮುಚ್ಚಿದ ತಟ್ಟೆ

ಮನೆಗೆ ತೊಟ್ಟಿಲು ಬಂದರೆ ಅದರ ಜೊತೆ ಅನುಮಾನವೂ ಬರುತ್ತೆ. ಮಗು ಅತ್ತರೆ ತಾಯಿ ಎಂತ ತಿಂದಳೋ ಅಂತ ಅನುಮಾನ, ಅಳದಿದ್ದರೆ ಯಾಕೆ ಅಳ್ತಿಲ್ಲ ಅಂತ ಅನುಮಾನ. ಇಂಥ ಮನೇಲಿ ತಮಾಷೆ ನಡೀತಾನೇ ಇರುತ್ತೆ. ನಮ್ಮಲ್ಲಿ ಅನುಮಾನದ ಇಲಾಖೆ ಪೂರ್ತಿ ನನ್ನ ಕೈಲಿತ್ತು.

ನಾನು ಆನಂದಪುರದ ಹತ್ತಿರದ ಹಳ್ಳಿ ಹುಡುಗ. ಸಾಗರದಲ್ಲಿ ಹಿಂಡಿ ಮೂಟೆ ತುಂಬಿಕೊಂಡು ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಡಿಗಳಿಗೆ ಇಳಿಸೋ ಗೂಡ್ಸ್ ಗಾಡಿ ನಂದು. ನನ್ನ ನಾನೇ ಹೊಗಳ್ಕೊಬಾರದು, ಆದ್ರೆ ಬೇರೆ ಯಾರೂ ಸರಿಯಾಗಿ ಹೊಗಳಲ್ಲ, ಹಾಗಾಗಿ ಹೇಳ್ತೀನಿ: ಕೊಟ್ಟಿಗೆ ಬಾಗಿಲಲ್ಲಿ ನಿಂತು ಒಂದ್ಸಲ ನೋಡಿದರೆ ಸಾಕು, ಯಾವ ಹಸುಗೆ ಹಿಂಡಿ ಸರಿಯಾಗಿ ಬೀಳ್ತಿದೆ, ಯಾವುದಕ್ಕೆ ಇಲ್ಲ, ಥಟ್ಟಂತ ಹೇಳ್ತೀನಿ.

ತಟ್ಟೆ ಮೇಲೊಂದು ಬಟ್ಟೆ

ಹೆಂಡತಿ ಬಾಣಂತನಕ್ಕೆ ಅರಳಸುರಳಿ ಹತ್ತಿರದ ತವರಿಗೆ ಹೋಗಿದ್ದಳು. ನನ್ನ ಲೈನು ದಿನಾ ಆ ಕಡೆಗೇ ಇರೋದ್ರಿಂದ ಮಧ್ಯಾಹ್ನದ ಊಟ ಅತ್ತೆ ಮನೇಲೇ. ನಾನೂ ಮಾವನೂ ಹೊರಗೆ ಉಣ್ಣೋದು, ಅವಳು ಒಳಗೆ ಕೋಣೇಲಿ. ಅಲ್ಲೊಂದು ಕಟ್ಟುನಿಟ್ಟು: ಬಾಣಂತಿ ಉಣ್ಣೋದನ್ನ ಯಾರೂ ನೋಡಬಾರದು. ಕಣ್ಣು ತಾಗಿದರೆ ಹಾಲು ಬತ್ತುತ್ತಂತೆ. ಅತ್ತೆ ತಟ್ಟೆ ಮೇಲೆ ಬಟ್ಟೆ ಮುಚ್ಚಿ ಒಳಗಿಟ್ಟು ಬಾಗಿಲು ಎಳೀತಾರೆ. ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ಹೊರಗೆ ಬರುತ್ತೆ. ಹೆತ್ತ ತಾಯಿಯೂ ಇಣುಕುವಂಗಿಲ್ಲ.

ತಟ್ಟೆ ದಿನಾ ಖಾಲಿ. ಆದ್ರೆ ನನ್ನ ಕಣ್ಣಿಗೆ ಅನುಮಾನ ಹತ್ತಿತು. ಅಷ್ಟೊಂದು ಉಣ್ಣೋಳ ಬಳೆ ಮೊಣಕೈ ತನಕ ಜಾರ್ತಿತ್ತು. ಕೆನ್ನೆ ಒಳಗೆ ಹೋಗಿತ್ತು. ಮಗು ಹಾಲು ಕುಡಿದು ಬಿಟ್ಟ ಮರುಕ್ಷಣವೇ ಮತ್ತೆ ಬಾಯಿ ಹುಡುಕ್ತಿತ್ತು. ನಾನು ತಿಳಿದವನ ಹಾಗೆ ಹೇಳಿದೆ: "ನೋಡು, ಕರೆಯೋ ಹಸುಗೆ ಹಿಂಡಿ ಕಮ್ಮಿ ಆದ್ರೆ ಮೊದಲು ಮೈ ಇಳಿಯುತ್ತೆ, ಆಮೇಲೆ ಹಾಲು."

ಮಗುವಿನ ಪೌಡರ್ ಡಬ್ಬಿ ನನ್ನ ಕಿವಿ ಪಕ್ಕದಲ್ಲೇ ಹಾರಿಹೋಯ್ತು.

"ಹಸು ಒದೆಯೋದೂ ಉಂಟು, ನೆನಪಿರ್ಲಿ" ಅಂದಳು.

ಅಡುಗೆ ಮನೆ ತಪಾಸಣೆ

ಆ ವಾರ ಆಶಾ ಅಕ್ಕ ಬಂದು ಮಗು ತೂಗಿದರು. ಏರಬೇಕಾದಷ್ಟು ತೂಕ ಏರಿರಲಿಲ್ಲ. "ತಾಯಿ ಸರಿಯಾಗಿ ಉಣ್ತಿದಾಳಾ?" ಅಂತ ಕೇಳಿದರು. ಅತ್ತೆ ಖಾಲಿ ತಟ್ಟೆ ತೋರಿಸಿದರು. ಚುಚ್ಚುಮದ್ದಿನ ದಿನ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಬನ್ನಿ, ಆಗಲೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗುತ್ತೆ ಅಂದು ಹೋದರು. ಅವತ್ತಿಂದ ನನಗೆ ಅನ್ನ ಮಾತ್ರ ಸೇರ್ತಿತ್ತು, ನಿದ್ದೆ ಸೇರ್ತಿರಲಿಲ್ಲ.

ಮೊದಲ ಅನುಮಾನ ಅತ್ತೆ ಮೇಲೆ. ತಟ್ಟೆಗೆ ಬಟ್ಟೆ ಮುಚ್ಚೋದು ಕಣ್ಣಿಗೆ ಹೆದರಿಯೋ, ತಟ್ಟೇಲಿ ಏನೂ ಇಲ್ಲ ಅಂತಲೋ? ಮರುದಿನ ಕೈ ತೊಳೆಯೋ ನೆಪದಲ್ಲಿ ಅಡುಗೆ ಮನೆಗೆ ನುಗ್ಗಿ ಒಂದೊಂದೇ ಮುಚ್ಚಳ ಎತ್ತಿದೆ. ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿದ ನಾಟಿಕೋಳಿ ಸಾರು, ತುಪ್ಪದ ಅನ್ನ, ಮೆಂತೆ ಉಂಡೆ. ಎಲ್ಲ ಭರ್ತಿ. ಹಿಂದೆ ತಿರುಗಿದರೆ ಅತ್ತೆ.

"ಎಂತ ನೋಡ್ತಿದೀರಿ? ಹಿಂಡಿ ಮೂಟೆ ಇಲ್ಲೇ ಇಳಿಸ್ಬೇಕಾ?"

ತಲೆ ತಗ್ಗಿಸಿ ಹೊರಟೆ. ಹೊರಡೋ ಮುಂಚೆ ಮಗು ಮುಖ ನೋಡೋಕೆ ಕೋಣೆಗೆ ಹೋದಾಗ ಹೆಂಡತಿ ಯಾವತ್ತಿನ ಹಾಗೆ ಒಂದು ಸ್ಟೀಲ್ ಡಬ್ಬಿ ಕೈಗಿಟ್ಟಳು. ಅಮ್ಮ ಕೊಟ್ಟಿದ್ದು, ದಾರೀಲಿ ತಿನ್ನಿ, ಅವಳ ಎದುರು ಮಾತ್ರ ಹೇಳ್ಬೇಡಿ, ಅಳಿಯನ ಹತ್ರ ನಾಚಿಕೆ ಅವಳಿಗೆ ಅಂತ ಮೊದಲ ದಿನವೇ ಹೇಳಿದ್ದಳು. ನಾನೂ ಗುಟ್ಟು ಕಾಪಾಡಿದ್ದೆ. ಅಂದ್ರೆ, ಅತ್ತೆ ಎದುರು ಮಾತ್ರ. ಹೊಸನಗರದ ಸ್ಟ್ಯಾಂಡಲ್ಲಿ ಗಾಡಿ ನಿಲ್ಲಿಸಿ, ಬೇರೆ ಡ್ರೈವರ್‌ಗಳಿಗೆ ಕಾಣೋ ಹಾಗೆ ಡಬ್ಬಿ ಬಿಚ್ಚಿ, ಎಡಗೈಲಿ ಮೀಸೆ ತಿರುವಿಕೊಂಡೇ ತಿಂತಿದ್ದೆ. ಅಳಿಯ ಅಂದ್ರೆ ಹೀಗಿರ್ಬೇಕು, ಊಟ ಆದ್ಮೇಲೂ ಡಬ್ಬಿ ಕಟ್ಟಿ ಕಳಿಸ್ತಾರೆ ನೋಡಿ ಅಂತ ಹೇಳ್ತಿದ್ದೆ.

ಒಬ್ಬ ಹಿರಿಯ ಡ್ರೈವರ್ ನನ್ನ ಹೊಟ್ಟೆಯನ್ನೇ ಅನುಮಾನದಿಂದ ನೋಡಿ ಕೇಳಿದ: "ಮಾರಾಯ, ನಿನ್ನನ್ನ ಯಾವ ಹಬ್ಬಕ್ಕೆ ಕಡೀತಾರಂತೆ?"

ಬಾಟ್ಲಿ ಸಿಕ್ಕಿಬಿತ್ತು

ಎರಡನೇ ಅನುಮಾನ ನೀರಿನ ಮೇಲೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಊದುತ್ತೆ ಅಂತ ಅತ್ತೆ ನಂಬಿಕೆ. ಬಿಸಿನೀರು, ಅದೂ ಗುಟುಕು ಲೆಕ್ಕ. ನೀರಿಲ್ಲದೆ ಹಾಲು ಬರೋ ಹಸು ನಾನಂತೂ ಮೂರು ತಾಲ್ಲೂಕಲ್ಲಿ ಕಂಡಿಲ್ಲ. ಅಂಗಿ ಒಳಗೆ ನೀರಿನ ಬಾಟ್ಲಿ ಇಟ್ಟುಕೊಂಡು ಕೋಣೆ ಕಡೆ ಹೊರಟೆ. ಅತ್ತೆ ಅಡ್ಡ ನಿಂತರು. ಹೊಟ್ಟೆ ಹತ್ರ ಎಂತ ಅದು ಅಂತ ಕೇಳಿದರು.

ಮಾವ ಎಲ್ಲಿದ್ದರೋ, ಓಡಿ ಬಂದು ಬಾಟ್ಲಿ ಇಸ್ಕೊಂಡು, ಮುಚ್ಚಳ ತೆಗೆದು, ಆಸೆಯಿಂದ ಒಂದು ಗುಟುಕು ಎಳೆದರು. ಮುಖ ಬಾಡಿಹೋಯ್ತು.

"ಬರೀ ನೀರು."

ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. "ಸಾರಾಯಿ ಆಗಿದ್ರೆ ಹೊರಗೆ ಕೂತು ಕುಡ್ಕೊಳ್ಳಿ ಅಂತಿದ್ದೆ. ಬಾಣಂತಿ ಕೋಣೆಗೆ ನೀರು ತರ್ತೀರಲ್ಲ, ಒಳ್ಳೆ ಮನೆ ಹುಡುಗ ಅಂತ ಮಗಳು ಕೊಟ್ವಲ್ಲ."

ನಾಯಿ ಹೊಟ್ಟೆ

ಇನ್ನು ಉಳಿದಿದ್ದು ನಾಯಿ. ಹೆಂಡತಿ ಸೊರಗ್ತಿದ್ದಾಳೆ, ನಾಯಿ ಉಬ್ತಿದೆ. ಕೋಣೆ ಕಿಟಕಿ ಕೆಳಗೇ ಅದರ ಠಾವು. ಇದಕ್ಕಿಂತ ಸಾಕ್ಷಿ ಬೇಕಾ? ಒಂದಿನ ಬೇಗ ಉಂಡು, ಕಿಟಕಿ ಕೆಳಗಿನ ಕಟ್ಟಿಗೆ ರಾಶಿ ಹಿಂದೆ ಅಡಗಿ ಕೂತೆ. ಒಳಗೆ ತಟ್ಟೆ ಸದ್ದು. ಕಿಟಕಿ ತೆರೀತು. ಈಗ ಕೋಳಿ ತುಂಡು ಬೀಳುತ್ತೆ ಅಂತ ಕತ್ತೆತ್ತಿದೆ. ಅವಳು ಕೈ ತೊಳೆದ ನೀರು ಚೊಂಬಿನ ಸಮೇತ ನನ್ನ ತಲೆ ಮೇಲೆ ಬಿತ್ತು. ನಾಯಿ ಎದ್ದು, ನನ್ನ ನೋಡಿ, ಮರ್ಯಾದೆ ಇದ್ದವರ ಹಾಗೆ ಮುಖ ತಿರುಗಿಸ್ತು.

ಮುಂದಿನ ವಾರ ಅದೇ ಕಟ್ಟಿಗೆ ರಾಶಿ ಹಿಂದೆ ನಾಯಿ ಮರಿ ಹಾಕಿತು. ಅತ್ತೆ ಅದಕ್ಕೆ ಗಂಜಿ ಒಯ್ಯುವಾಗ ನನ್ನ ಕಡೆ ನೋಡಿ, ಅಳಿಯಂದ್ರೇ, ನೀವು ಸ್ವಲ್ಪ ಆಚೆ ತಿರುಗಿ, ಇದಕ್ಕೂ ಕಣ್ಣು ತಾಗ್ಬಾರ್ದು ಅಂದರು.

ತಕ್ಕಡಿ ಹೇಳಿದ್ದು

ಚುಚ್ಚುಮದ್ದಿನ ದಿನ ಬಂತು. ಅತ್ತೆ, ಹೆಂಡತಿ, ಮಗು ಎಲ್ಲರನ್ನೂ ನನ್ನ ಗಾಡೀಲೇ ಕೂರಿಸ್ಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಊಟ ಮುಗಿಸಿಯೇ ಹೊರಟಿದ್ವಿ. ಇಳಿಯುವಾಗ ಹೆಂಡತಿ ಯಾವತ್ತಿನ ಡಬ್ಬಿ ಮೆಲ್ಲಗೆ ನನ್ನ ಕೈಗೆ ದಾಟಿಸಿದಳು.

ಅಲ್ಲಿ ಮಗು ತೂಗೋ ಮಿಷನ್ನು ಕೆಟ್ಟಿತ್ತು. ಸಿಸ್ಟರು ದೊಡ್ಡವರ ತಕ್ಕಡಿ ತೋರಿಸಿ, ಅಪ್ಪ ಮಗು ಎತ್ಕೊಂಡು ಹತ್ತಲಿ, ಆಮೇಲೆ ಒಬ್ಬನೇ ಹತ್ತಲಿ, ಕಳೆದರೆ ಮಗು ತೂಕ ಸಿಗುತ್ತೆ ಅಂದರು. ಹತ್ತಿದೆ. ಇಳಿದೆ. ಮತ್ತೆ ಹತ್ತಿದೆ. ಸಿಸ್ಟರು ಕಳೆದು ನೋಡಿ, ಸ್ವಲ್ಪ ಏರಿದೆ, ಸಾಲದು ಅಂದರು. ಹೆಂಡತಿಯನ್ನ ಹತ್ತಿಸಿದರು. ಮುಳ್ಳು ನೋಡಿ ಸಿಸ್ಟರ ಹುಬ್ಬು ಗಂಟಾಯ್ತು.

"ಎಂತ ಕೊಡ್ತಿದೀರಿ ಇವಳಿಗೆ?"

ಅತ್ತೆ ಎದೆಯುಬ್ಬಿಸಿ ಹೇಳ್ತಾ ಹೋದರು. ಬೆಳ್ಳುಳ್ಳಿ, ಮೆಣಸು ಹಾಕಿದ ನಾಟಿಕೋಳಿ. ಖಾರದಪುಡಿ ಮುಟ್ಟಿಸಲ್ಲ. ತುಪ್ಪದ ಅನ್ನ. ಮೆಂತೆ ಉಂಡೆ.

ಅವರು ಒಂದೊಂದು ಹೆಸರು ಹೇಳಿದಾಗಲೂ ನನ್ನ ನಾಲಿಗೆ ಹೌದು ಹೌದು ಅಂತಿತ್ತು. ಖಾರದಪುಡಿ ಇಲ್ಲದ ಸಾರು. ಬೆಳ್ಳುಳ್ಳಿ ಜಾಸ್ತಿ. ಇದನ್ನೆಲ್ಲ ನಾನು ಎಲ್ಲಿ ತಿಂದಿದ್ದೆ? ಅನುಮಾನ ಮೊದಲ ಸಲ ನನ್ನ ಕಡೆಗೇ ತಿರುಗ್ತು. ಅಷ್ಟರಲ್ಲಿ ಅತ್ತೆ ಕಣ್ಣೂ ನನ್ನ ಕೈ ಮೇಲೆ ಬಿತ್ತು.

"ಆ ಡಬ್ಬಿ ನಮ್ಮನೇದಲ್ವಾ?"

ಸಿಸ್ಟರು ಇಸ್ಕೊಂಡು ಮುಚ್ಚಳ ತೆಗೆದರು. ಕೋಣೆಯೆಲ್ಲ ಬೆಳ್ಳುಳ್ಳಿ ಘಮ. ಹೆಂಡತಿ ಕಣ್ಣಲ್ಲಿ ನೀರು ಬಂತು. ತೊಟ್ಟಿಲು ಶಾಸ್ತ್ರದ ದಿನ ಮದುವೆ ಬ್ಲೌಸೇ ಹಾಕ್ಬೇಕು ಅಂತ ಆಸೆ, ಕೈ ಸಣ್ಣ ಆದ್ರೂ ಎದೆ ಹತ್ರ ಅದರ ಹುಕ್ಕು ಇನ್ನೂ ಕೂಡ್ತಿಲ್ಲ. ಮೊಬೈಲಲ್ಲಿ ಕ್ಯಾಲೊರಿ ಲೆಕ್ಕ ನೋಡ್ಕೊಂಡು ಅರ್ಧಕ್ಕರ್ಧ ಬಿಡ್ತಿದ್ದೆ, ಅಮ್ಮ ಕಷ್ಟಪಟ್ಟು ಮಾಡಿದ್ದನ್ನ ಚೆಲ್ಲೋಕೆ ಮನಸ್ಸಾಗ್ಲಿಲ್ಲ ಅಂದಳು.

ಸಿಸ್ಟರು ಬೈಯಲಿಲ್ಲ. "ಹಾಲು ಮಾಡೋದೇ ಮೈಗೆ ಗದ್ದೆ ಕೆಲಸ ಇದ್ದಂಗೆ ಕಣೇ. ಹೊಟ್ಟೆ ತುಂಬ ಉಣ್ಣು, ಬಾಯಾರಿದಾಗೆಲ್ಲ ನೀರು ಕುಡಿ. ಮೈ ನಿಧಾನಕ್ಕೆ ತಾನೇ ಇಳಿಯುತ್ತೆ. ಬ್ಲೌಸಿಗೆ ಹೊಲಿಗೆ ಬಿಚ್ಚೋಕೆ ಟೈಲರ್ ಇದಾನೆ."

ನೀರು ಅಂದ ಕೂಡಲೇ ನಾನು ಅತ್ತೆ ಮುಖ ನೋಡಿದೆ. ಗೆದ್ದೆ ಅನ್ನೋ ಹೊತ್ತಿಗೆ ಸಿಸ್ಟರು ನನ್ನ ಹಿಂದಿನ ಸಲದ ತೂಕ ಕೇಳಿದರು. ಹಿಂಡಿ ಅಂಗಡಿ ತಕ್ಕಡೀಲಿ ಆಗಾಗ ನಿಲ್ತಿದ್ದೆ, ನೆನಪಿತ್ತು, ಹೇಳಿದೆ. ಅವರು ಸುಮ್ಮನೆ ಒಂದ್ಸಲ ನನ್ನ ಹೊಟ್ಟೆ ನೋಡಿ, ಅತ್ತೆಗೆ ಹೇಳಿದರು: "ನಿಮ್ಮ ಬಾಣಂತನದಲ್ಲಿ ಏನೂ ಕೊರತೆ ಇಲ್ಲಮ್ಮ. ಬಾಣಂತಿ ಮಾತ್ರ ಬದಲಾಗಿದಾರೆ."

ಈಗ ಹೆಂಡತಿ ನಡುಮನೇಲಿ, ಬಟ್ಟೆ ಇಲ್ಲದ ತಟ್ಟೇಲಿ, ಪಕ್ಕದಲ್ಲಿ ನೀರಿನ ಚೊಂಬು ಇಟ್ಕೊಂಡು ಉಣ್ತಾಳೆ. ಅತ್ತೆ ಎದುರಿಗೇ ಕೂತು ಕೊನೇ ತುತ್ತಿನ ತನಕ ನೋಡ್ತಾರೆ. ಮಗು ತೂಕ ಏರ್ತಿದೆ. ಟೈಲರ್ ಬ್ಲೌಸಿನ ಹೊಲಿಗೆ ಬಿಚ್ಚಿಕೊಟ್ಟ, ಜೊತೆಗೆ ನನ್ನ ಪ್ಯಾಂಟಿನದ್ದೂ.

ಮೊನ್ನೆ ಊಟಕ್ಕೆ ಕೂತಾಗ ಬಟ್ಟೆ ಮುಚ್ಚಿದ ತಟ್ಟೆ ಬಂದಿದ್ದು ನನ್ನ ಮುಂದೆ. ಎಷ್ಟಾದ್ರೂ ಅಳಿಯ ಅಲ್ವಾ, ಅತ್ತೆ ಕೋಪ ಇಳಿದಿರ್ಬೇಕು ಅಂತ ಮೀಸೆ ಸರಿಮಾಡ್ಕೊಂಡು ಬಟ್ಟೆ ಎತ್ತಿದೆ. ತೆಳ್ಳಗಿನ ಗಂಜಿ, ಒಂದು ಮಾವಿನ ಮಿಡಿ.

ಮುಖ ಎತ್ತಿದೆ. ಅತ್ತೆ ಬಟ್ಟೆ ಮತ್ತೆ ಮುಚ್ಚುತ್ತಾ ಮೆತ್ತಗೆ ಹೇಳಿದರು:

"ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಉಣ್ಣಿ. ಈ ಮೈಗೆ ಕಣ್ಣು ತಾಗ್ಬಾರ್ದು."