ಓವನ್ನಿನ ಗಾಜಿಗೆ ನಾನು ಬೂದಿ ಹಚ್ಚಿದ್ದು

ತಿಕ್ಕಿ ತೊಳೆಯುವ ವಿದ್ಯೆ ನನಗೆ ರಕ್ತದಲ್ಲೇ ಬಂದಿದೆ ಎಂದು ನಾನು ಬಹಳ ದಿನ ನಂಬಿದ್ದೆ. ಖಾನಾಪುರದ ನಮ್ಮ ಅಜ್ಜಿ ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಕೊಡದಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡವನು ನಾನು. ತಿಕ್ಕುತ್ತಿದ್ದವಳು ಅಜ್ಜಿ, ನಾನಲ್ಲ ಎಂಬ ಸಣ್ಣ ಸಂಗತಿ ಮರೆತುಹೋಗಿತ್ತು.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ನಾವು ಬೆಳಗಾವಿಯ ಹಿಂದವಾಡಿಯಲ್ಲಿದ್ದೆವು. ನನ್ನ ಹೆಂಡತಿ ಸುಮಂಗಲಾಗೆ ಅವಳಣ್ಣ ಮುಂಬಯಿಯಿಂದ ಕರೆಂಟಿನ ಓವನ್ ತಂದುಕೊಟ್ಟಿದ್ದ. ಬಾಗಿಲಿಗೆ ಗಾಜು! ಒಳಗೆ ಕೇಕು ಉಬ್ಬುವುದನ್ನು ಹೊರಗೆ ಕುಳಿತು ನೋಡಬಹುದು. ಆ ಗಾಜನ್ನೇ ನಂಬಿ ಅವಳು ಮೊಟ್ಟೆಯಿಲ್ಲದ ಕೇಕಿನ ಕ್ಲಾಸು ತೆರೆಯಲು ಹೊರಟಿದ್ದಳು. ನಾನು ಬೂದಿ ಹಚ್ಚಿದ ದಿನ ಸಂಜೆ ಓಣಿಯ ಆರು ಮಂದಿ ಹೆಂಗಸರು ಬರುವವರಿದ್ದರು. ಮೆಚ್ಚಿದರೆ ಸೇರುತ್ತಾರೆ, ಇಲ್ಲವಾದರೆ ಚಹಾ ಕುಡಿದು ಹೋಗುತ್ತಾರೆ. ಮೂರು ದಿನದಿಂದ ಪಾಪ, ಅವಳಿಗೆ ಊಟವೇ ಸೇರಿರಲಿಲ್ಲ.

ಗಾಜಿನ ಮೇಲೆ ಮಾತ್ರ ಬೆಣ್ಣೆ ಸಿಡಿದು ಕಂದು ಕಲೆಗಳು ಕೂತಿದ್ದವು. ಪೇಟೆಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು:

“ಅಡಿಗಿ ಸೋಡಾ ಕಲಸಿ ಇಟ್ಟೀನ್ರಿ. ಬಂದು ಹಚ್ಚತೀನಿ. ನೀವು ಗಾಜಿನ ಗೊಡವಿಗೆ ಹೋಗಬ್ಯಾಡ್ರಿ.”

ಸೋಡಾ! ಅಜ್ಜಿಯ ಮೊಮ್ಮಗ ಇರುವ ಮನೆಯಲ್ಲಿ ಸೋಡಾ! ಅವಳು ತಿರುಗಿ ಬರುವಷ್ಟರಲ್ಲಿ ಹೊಳಪಿಸಿಟ್ಟು ಬೆರಗುಗೊಳಿಸಬೇಕೆಂದು ನಿಶ್ಚಯಿಸಿದೆ. ನಮ್ಮದು ಗ್ಯಾಸಿನ ಒಲೆ, ಬೂದಿ ಇಲ್ಲ. ಪಕ್ಕದ ಮನೆಯ ಮುಮ್ತಾಜ್ ಭಾಭಿಯ ಬಚ್ಚಲ ಒಲೆಯಿಂದ ಬುಟ್ಟಿ ತುಂಬ ತಂದೆ. ಹುಣಸೆಹಣ್ಣು ಕಲಸಿ, ತೆಂಗಿನ ನಾರು ಹಿಡಿದು ತಿಕ್ಕಿಯೇ ತಿಕ್ಕಿದೆ. ಕರಕರ ಸಪ್ಪಳ ಬಂತು. ಕಲೆಗಳು ಪ್ರಾಣ ಬಿಡುತ್ತಿವೆ ಎಂದುಕೊಂಡು ಇನ್ನೂ ಜೋರಾಗಿ ತಿಕ್ಕಿದೆ.

ತೊಳೆದು ನೋಡಿದರೆ ಕಲೆ ಹೋಗಿತ್ತು. ಅದರ ಸಂಗಡ ಒಳಗಿನದು ಕಾಣುವುದೂ ಹೋಗಿತ್ತು! ಗಾಜು ಬಚ್ಚಲಮನೆಯ ಕಿಟಕಿಯಂತೆ ಮಬ್ಬಾಗಿತ್ತು. ಬುಟ್ಟಿ ಕೇಳಲು ಬಂದ ಭಾಭಿ ನೋಡಿ ದಂಗಾದರು.

“ಬೂದಿ ಅರಿವ್ಯಾಗ ಸಾಣಿಸಿದಿರಿಲ್ಲೋ, ಅಣ್ಣಾರ? ಉಸುಕು, ಹಳ್ಳು ಇರ್ತಾವ ಅದರಾಗ.”

ಅಜ್ಜಿ ಹಳೇ ಧೋತರದಲ್ಲಿ ಬೂದಿ ಸಾಣಿಸಿ ಹರಳು ತೆಗೆಯುತ್ತ ಕೂರುತ್ತಿದ್ದದ್ದು ಆಗ ನೆನಪಾಯಿತು. ಹೊತ್ತು ಹೋಗಲೆಂದು ಹಾಗೆ ಮಾಡುತ್ತಾಳೆಂದು ನಾನು ತಿಳಿದಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಗೀರು ಮುಚ್ಚಲು ಕುಸುಬಿ ಎಣ್ಣೆ ಸವರಿದೆ. ಪವಾಡ! ಗಾಜು ಕನ್ನಡಿಯಾಯಿತು. ಪೇಟೆಯಿಂದ ಬಂದ ಸುಮಂಗಲಾ ನೋಡಿ, ಬಹಳ ಚಂದ ಆಗಿದೆ ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ನಿಜ ಹೇಳುವುದನ್ನು ನಾಳೆಗೆ ಮುಂದೂಡಿದೆ.

ಸಂಜೆ ಹೆಂಗಸರು ಓವನ್ನಿನ ಮುಂದೆ ಸಾಲಾಗಿ ಕುಳಿತರು. ಓವನ್ ಕಾಯಿತು, ಎಣ್ಣೆಯೂ ಕಾಯಿತು. ಬಾಗಿಲಿನಿಂದ ಹೊಗೆ ಎದ್ದಿತು. ಗಾಜು ಮೊದಲಿಗಿಂತ ಕಂದಾಗಿ, ಒಳಗೆ ಕೇಕು ಇದೆಯೋ ಇಲ್ಲವೋ ತಿಳಿಯದಾಯಿತು. ಕೇಕು ತಳ ಹತ್ತಿತೇನೋ ಎಂದು ಒಬ್ಬರು ಮೂಗಿಗೆ ಸೆರಗು ಹಿಡಿದರು. ಸುಮಂಗಲಾ ನನ್ನ ಕಡೆ ತಿರುಗಿದಳು. ಆರು ಮಂದಿಯ ಎದುರಿಗೆ ನಾನು ಬೂದಿಯಿಂದ ಎಣ್ಣೆಯವರೆಗೆ ಸಕಲವನ್ನೂ ಒಪ್ಪಿಕೊಂಡೆ. ಅವಳ ಕಣ್ಣು ತುಂಬಿದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಅವಳು ಕಿಟಕಿ ತೆರೆದಳು. ಹೊಗೆ ತಿಳಿಯಾಗುವವರೆಗೆ ಕಾದು, ಓವನ್ನಿನ ಬಾಗಿಲ ಬಳಿ ಬಗ್ಗಿ ವಾಸನೆ ನೋಡಿದಳು. “ಇನ್ನ ಐದ ಮಿನಿಟ,” ಎಂದಳು. ಐದು ನಿಮಿಷಕ್ಕೆ ಬಾಗಿಲು ತೆಗೆದರೆ ಬಂಗಾರದ ಬಣ್ಣದ ಕೇಕು! ಆರು ಮಂದಿಯಲ್ಲಿ ಹಿರಿಯರಾದ ಗಂಗಕ್ಕ ಎದ್ದು ಬಂದರು.

“ಗಾಜಿನ್ಯಾಗ ನೋಡಿ ಯಾರರೆ ಹೇಳತಾರವಾ. ನೀ ಮೂಗಿಲೇ ಹೇಳಿದಿ. ನನ್ನ ಹೆಸರ ಬರ್ಕೋ.”

ಆರೂ ಮಂದಿ ಸೇರಿದರು. ಇದರಲ್ಲಿ ನನ್ನ ಪಾಲೂ ಇದೆ ಎಂಬ ಅಭಿಮಾನ ಮೆಲ್ಲಗೆ ತಲೆ ಎತ್ತಿತು. ಮೊದಲ ಕ್ಲಾಸಿನ ದಿನ ಸುಮಂಗಲಾ ನನ್ನನ್ನೂ ಒಳಗೆ ಕರೆದಳು. ಸನ್ಮಾನವೇ ಇರಬೇಕೆಂದು ಇಸ್ತ್ರಿಯ ಅಂಗಿ ತೊಟ್ಟು ಹೋಗಿ ನಿಂತೆ. ಅವಳು ಒಂದು ಕೈಯಿಂದ ಗಾಜನ್ನೂ ಇನ್ನೊಂದರಿಂದ ನನ್ನನ್ನೂ ತೋರಿಸಿದಳು.

“ಇದು ಹಿಂಗ ಆಗಬಾರದಂದ್ರ, ಇವರನ್ನ ಒಳಗ ಬಿಡಬಾರದು.”

ಆರೂ ಮಂದಿ ಬರೆದುಕೊಂಡರು. ಗಂಗಕ್ಕ ಅಡಿಗೆರೆಯನ್ನೂ ಎಳೆದರು.