ಕಾಕಾ ಸತ್ತ ಪಿಚ್ಚರ್

ನಮ್ಮ ಕಾಕಾ ತೀರಿಕೊಂಡ ಮೇಲೆ ಅವರ ಓಡಾಟ ಹೆಚ್ಚಾಗಿದೆ. ಮುಂಚೆ ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿದ್ದವರು ಈಗ ದಿನಾ ಬರುತ್ತಾರೆ. ಬಂದು ಕಟ್ಟೆಯ ಮೇಲೆ ಕೂತು, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಹೇಳಿ, "ತಂಗಿ, ಹೊಸದಾಗಿ ಯಾರರೆ ಏನರೆ ಬರದಾರೇನು ನೋಡು" ಎಂದು ನನ್ನ ಫೋನಿನ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ಸತ್ತವರಿಗೆ ಇಷ್ಟು ಆತುರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಗಾಬರಿಯಾಗಬೇಡಿ. ಅವರು ಸತ್ತದ್ದು ಸಿನಿಮಾದಲ್ಲಿ. ಹೆಸರು ಹೇಳಿದರೂ ಆ ಸಿನಿಮಾ ನಿಮಗೆ ಗೊತ್ತಾಗುವುದಿಲ್ಲ. ಅಣ್ಣಿಗೇರಿಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನಲ್ಲಿ ತೆಗೆದದ್ದು. ನೋಡಿದವರಲ್ಲಿ ಬಹುಪಾಲು ಜನ ಅದರಲ್ಲಿ ನಟಿಸಿದವರು, ಉಳಿದವರು ನಟಿಸಿದವರ ಬೀಗರು.

ಕಾಕಾ ಎಂದರೆ ನಮ್ಮ ಮಾವನವರ ತಮ್ಮ. ನನ್ನ ಗಂಡನಿಗೆ ಕಾಕಾ, ಹಾಗಾಗಿ ನನಗೂ ಕಾಕಾ. ಅಣ್ಣಿಗೇರಿ ಪೇಟೆಯಲ್ಲಿ ಬಹಳ ವರ್ಷ ಕಡಲೆ, ಜೋಳದ ವ್ಯಾಪಾರ ಮಾಡಿದವರು. ಒಂದು ಚೀಲ ನೋಡಿ ರೇಟು ಹೇಳಿದವರಲ್ಲ. ಚೀಲ ಚೀಲಕ್ಕೂ ಕೈ ಹಾಕಿ, ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹೊರಳಿಸಿ, ಬಾಯಿಗೆ ಎರಡು ಕಾಳು ಹಾಕಿಕೊಂಡು ನೋಡಬೇಕು. ಅಂಗಡಿ ಬಿಟ್ಟರೂ ಈ ಅಭ್ಯಾಸ ಬಿಡಲಿಲ್ಲ. ನನ್ನನ್ನು ಸೊಸೆಯಾಗಿ ನೋಡಲು ಹುಬ್ಬಳ್ಳಿಗೆ ಬಂದಾಗ ಮೊದಲು ನಮ್ಮ ಓಣಿಯ ಹಾಲಿನವನನ್ನೂ ಇಸ್ತ್ರಿಯವನನ್ನೂ ವಿಚಾರಿಸಿಕೊಂಡು ಬಂದಿದ್ದರಂತೆ. "ಹುಡುಗಿ ಮೆತ್ತಗ ಮಾತಾಡ್ತಾಳ್ರಿ, ಆದ್ರ ಬಟ್ಟಿ ಮಡಚಾಕ ಬರೂದಿಲ್ಲ" ಎಂದಿದ್ದನಂತೆ ಇಸ್ತ್ರಿಯವನು. ನಿಜ. ಇನ್ನೂ ಬಂದಿಲ್ಲ.

ಇಂಥವರಿಗೆ ಸಾಯುವ ಪಾತ್ರ ಹೇಗೆ ಸಿಕ್ಕಿತು ಎನ್ನುವಿರಾ? ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಹುಡುಗಿಯೊಬ್ಬಳು ನಾಲ್ಕಾರು ಗೆಳೆಯರನ್ನೂ ಒಂದು ಕ್ಯಾಮೆರಾವನ್ನೂ ಕಟ್ಟಿಕೊಂಡು ನಮ್ಮೂರಿಗೆ ಬಂದಳು. ಅವಳೇ ನಿರ್ದೇಶಕಿ. ಕಥೆ ಇಷ್ಟೇ: ಅಪ್ಪ ತೀರಿಕೊಂಡಿದ್ದಾನೆ, ಅವನೊಡನೆ ಮಾತು ಬಿಟ್ಟಿದ್ದ ಮಗಳು ಬರುವ ತನಕ ಮನೆಯವರು ಕಾಯುತ್ತಿದ್ದಾರೆ. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ, ಕೊರಳಿಗೆ ಹಾರ ಹಾಕಿ, ಪಡಸಾಲೆಯ ಗೋಡೆಗೆ ಒರಗಿಸಿ ಕಾಲು ಮಡಚಿ ಕೂಡಿಸುತ್ತಾರೆ. ಎದುರಿಗೆ ಭಜನೆ. ಅಂದರೆ ಸಿನಿಮಾ ಮುಗಿಯುವವರೆಗೂ ಯಾರಾದರೂ ಒಬ್ಬರು ಹೆಣವಾಗಿ ಕೂತಿರಬೇಕು. ಊರಿನ ಹಿರಿಯರನ್ನೆಲ್ಲ ಆ ಹುಡುಗಿ ಕೇಳಿದಳು. ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಮೊಮ್ಮಗನ ಜಾವಳ, ಒಬ್ಬರು ಅವಳನ್ನು ಕಂಡರೆ ಸಾಕು, ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರು. ಬದುಕಿರುವಾಗಲೇ ಹಾಗೆ ಕೂರುವುದೆಂದರೆ ಯಾರಿಗೆ ಬೇಕು?

ನಮ್ಮ ಕಾಕಾ ಒಪ್ಪಿದರು. "ಅಂಗಡಿ ಬಿಟ್ಟಾಗಿಂದ ಗ್ವಾಡಿಗೆ ಆನಕೊಂಡು ಕುಂಡ್ರೂದ ನನ್ನ ಕೆಲಸ. ಹಾರ ಒಂದು ಹೆಚ್ಚಿಗಿ ಅಷ್ಟ" ಎಂದರು.

ಕಾಕು, ಅಂದರೆ ಅವರ ಹೆಂಡತಿ, ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಜಗಳವಾಡಲಿಲ್ಲ. "ಹಣೀಮ್ಯಾಲ ಕುಂಕುಮ ಇಟ್ಕೊಂಡು ನಾ ಅದನ್ನ ನೋಡಬೇಕೇನು?" ಎಂದಷ್ಟೇ ಕೇಳಿ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಮರುದಿನ ಮೊರಬದ ತವರಿಗೆ ಹೋದವರು, ಕ್ಯಾಮೆರಾದವರು ಊರು ಬಿಟ್ಟ ಮೇಲೆಯೇ ತಿರುಗಿ ಬಂದರು. ಬಂದವರೇ ಗಂಡನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ನಾವೆಲ್ಲ ಕೆಮ್ಮಿದೆವು. ಕಾಕು ಮಾತ್ರ ಕೆಮ್ಮಲಿಲ್ಲ. ನಾನು ಸ್ವಭಾವತಃ ಹೆದರುಪುಕ್ಕಲಿ. ಹಾಲು ಉಕ್ಕುವ ಮೊದಲೇ ಉಕ್ಕಿತೆಂದು ಓಡುವವಳು. ಗಂಡ ಹೆಂಡಿರ ನಡುವೆ ಏನೋ ಒಂದು ಕೂತುಬಿಟ್ಟಿತು, ಅದನ್ನು ಎಬ್ಬಿಸುವುದು ಯಾರು ಎಂದು ನನಗೆ ಚಿಂತೆ ಹತ್ತಿತು.

ಸಿನಿಮಾ ತಯಾರಾಗಿ ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಬೆಳಗಿನ ಒಂದೇ ಒಂದು ಆಟ ಹಾಕಿದರು. ಊರಿನವರು ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಹೋದೆವು. ಕಾಕು ಬರಲಿಲ್ಲ, ಹಪ್ಪಳ ಒಣಹಾಕಿದ್ದೇನೆ ಎಂದರು. ಅಷ್ಟು ಮೋಡ ಕವಿದ ದಿನ ಹಪ್ಪಳ ಒಣಹಾಕಿದವರು ಇಡೀ ತಾಲೂಕಿನಲ್ಲಿ ಅವರೊಬ್ಬರೇ ಇರಬೇಕು.

ಟಾಕೀಸಿನಲ್ಲಿ ಕಾಕಾ ಪರದೆ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಹಿಂದುಮುಂದಾಗಿ ಕೂತು ನಮ್ಮ ಮುಖಗಳನ್ನೇ ನೋಡಿದರು. ಎದುರಿಗೆ ಜೀವಂತ ಕಾಕಾ ಕಣ್ಣು ಪಿಳಿಪಿಳಿ ಬಿಡುತ್ತಿರುವಾಗ, ಅವರ ಹಿಂದೆ ಹೆಣವಾಗಿ ಕೂತ ಕಾಕಾನನ್ನು ನೋಡಿ ಅಳುವುದು ಸುಲಭವೇ? ಆದರೂ ಅತ್ತೆವು. ಅತ್ತವರನ್ನೆಲ್ಲ ಅವರು ಗುರುತು ಇಟ್ಟುಕೊಂಡಿದ್ದಾರೆಂದು ಆಮೇಲೆ ಗೊತ್ತಾಯಿತು.

ಹೊರಗೆ ಬಂದ ಕೂಡಲೇ ಒಬ್ಬೊಬ್ಬರನ್ನೇ ಹಿಡಿದರು. "ಹೆಂಗಿತ್ತು?"

ಪಡಸಾಲೆ ಕೊಟ್ಟ ಮನೆಯವರು, "ನಮ್ಮ ಕಂಬ ಎಷ್ಟ್ ಚಂದ ಕಾಣ್ತಾವ್ರಿ" ಎಂದರು. ಭಜನೆಯ ತಾಳದವರಿಗೆ ಸಿಟ್ಟು ಬಂದಿತ್ತು. "ನಮ್ಮ ಪದ ಅರ್ಧಕ್ಕ ಕಡದಾರ. ಹಂಗ ಬಿಟ್ರ ಸತ್ತಾಂವಗ ಮುಕ್ತಿ ಸಿಗೂದ ಹೆಂಗ?" ಓಣಿಯ ಹಿರಿಯ ಹೆಣ್ಣುಮಗಳೊಬ್ಬರಿಗೆ ಮಗಳ ಪಾತ್ರದವಳ ಮೇಲೆ ತಕರಾರು. "ಅಪ್ಪ ಸತ್ತಾಗ ಯಾರರೆ ಹಂಗ ಬಾಯಿ ಮುಚ್ಕೊಂಡು ಅಳ್ತಾರೇನ? ಆಸ್ತಿ ಎಲ್ಲಾ ಆಕಿಗೇ ಹೋಗಿರಬೇಕು, ಅದಕ್ಕ."

ದೂರದ ಸಂಬಂಧದ ಮೈದುನನೊಬ್ಬ ಮಾತ್ರ ಕಾಕಾನ ಬಗ್ಗೆ ಹೇಳಿದ. "ಎಲ್ಲಾ ಚಲೋ ಐತಿ ಕಾಕಾ. ಆದ್ರ ಆಕಿ ಬಂದು ಪಾದ ಹಿಡದಾಗ ನೀವು ಒಮ್ಮೆ ಉಸುರು ತಗೊಂಡ್ರಿ."

"ಅದು ಉಸುರಲ್ಲೋ, ಫ್ಯಾನಿನ ಗಾಳಿಗೆ ಹಾರ ಅಳ್ಳಾಡಿತ್ತು."

"ಆ ಪಡಸಾಲ್ಯಾಗ ಫ್ಯಾನ್ ಎಲ್ಲೈತ್ರಿ?"

ಕಾಕಾ ತಿರುಗಿ ಬರುವಾಗ ಆ ಮೈದುನನ ಪಕ್ಕ ಕೂರಲಿಲ್ಲ. ಡ್ರೈವರನ ಬಾಜೂ ಕೂತು, ಸಿನಿಮಾವನ್ನೇ ನೋಡದ ಅವನ ಅಭಿಪ್ರಾಯ ಕೇಳುತ್ತಾ ಬಂದರು.

ಆಮೇಲೆ ಸಿನಿಮಾ ಫೋನಿನಲ್ಲಿ ಬಂತು. ಎಲ್ಲಿಯವರೋ ನೋಡಿ ಕೆಳಗೆ ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಊರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ, ಹಾಗಾಗಿ ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಸಿಸ್ಟರುಗಳು ನಮಗೆ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ಎದುರಿಗೆ ಒಬ್ಬ ಮುದುಕ ಚಹಾ ಆರಿಸಿಕೊಂಡು ಕೂತಿರುವಾಗ ಏನು ಮಾಡಬೇಕೆಂದು ಕಲಿಸಿರಲಿಲ್ಲ. "ಬಹಳ ನಿಧಾನ" ಎಂದು ಒಬ್ಬ ಬರೆದಿದ್ದರೆ ನಾನು "ಗಡಿಬಿಡಿ ಇಲ್ಲ ಅಂದಾರ್ರಿ" ಎನ್ನುತ್ತಿದ್ದೆ. "ಅರ್ಧಕ್ಕೇ ನಿದ್ದೆ ಹೋದೆ" ಎಂದಿದ್ದರೆ "ನೋಡಿ ಮನಸಿಗೆ ಸಮಾಧಾನ ಆತಂತ್ರಿ." ಮುದುಕ ಉಸಿರಾಡಿದ್ದು ಕಂಡಿತು ಎಂದು ಬರೆದವನನ್ನು ಬೇರೆ ಯಾವುದೋ ಸಿನಿಮಾಕ್ಕೆ ಕಳಿಸಿಬಿಟ್ಟೆ.

ಒಂದು ಮಾತನ್ನು ಮಾತ್ರ ಇದ್ದಂತೆಯೇ ಓದಿದೆ. "ಇಡೀ ಚಿತ್ರದಲ್ಲಿ ಅತಿಯಾಗಿ ನಟಿಸದಿರುವುದು ಹೆಣವೊಂದೇ."

ಕಾಕಾ ಅದನ್ನು ಮತ್ತೆ ಮತ್ತೆ ಓದಿಸಿದರು. "ಎಲ್ಯಾಂವ ಅಂವಾ?" ಎಂದರು. ಗೊತ್ತಿಲ್ಲರಿ ಎಂದೆ. "ವ್ಯಾಪಾರದ ಮನಶ್ಯಾ ಇರಬೇಕು. ಮಾಲ್ ಗೊತ್ತಾಗ್ತೈತಿ ಅಂವಗ."

ಇಷ್ಟರಲ್ಲಿ ಅಳ್ನಾವರದ ಅವರ ಹಳೆಯ ದೋಸ್ತರೊಬ್ಬರು ಬಂದರು. ಯಾರೋ ಸಿನಿಮಾದ ಒಂದು ತುಣುಕನ್ನು ಅವರ ಫೋನಿಗೆ ಕಳಿಸಿದ್ದರು. ಹಾರ, ರುಮಾಲು, ಗೋಡೆಗೆ ಒರಗಿದ ಗೆಳೆಯ, ಎದುರಿಗೆ ಭಜನೆ. ಇದು ಸಿನಿಮಾ ಎಂದು ಮೇಲೆ ಕೆಳಗೆ ಎಲ್ಲೂ ಬರೆದಿಲ್ಲ. ಪಾಪ, ಆ ಹಿರಿಯರು ರೈಲು ಹತ್ತಿ ಅಣ್ಣಿಗೇರಿಯಲ್ಲಿ ಇಳಿದು, ಸೇವಂತಿಗೆಯ ದಪ್ಪ ಹಾರ ಕೊಂಡು, ಆಟೋದಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದು ಕಾಕಾನ ಮನೆಯ ಬಾಗಿಲು ಬಡಿದರು. ಬಾಗಿಲು ತೆಗೆದವರು ಕಾಕಾ.

ದೋಸ್ತರು ಬಾಗಿಲಲ್ಲೇ ಕೂತುಬಿಟ್ಟರು. ಆಗ ಅಲ್ಲೇ ಇದ್ದ ನಾನು ಓಡಿಹೋಗಿ ನೀರು ತಂದುಕೊಟ್ಟೆ. ನೀರು ಕುಡಿದು, ಉಸಿರು ಬಂದ ಮೇಲೆ ಅವರು ಬೈದ ಬೈಗುಳ ಬರೆಯುವಂಥದ್ದಲ್ಲ. ಎಲ್ಲ ಮುಗಿಯುವವರೆಗೆ ಕಾಕಾ ತಾಳ್ಮೆಯಿಂದ ಕಾದು, ಕೇಳಿದರು: "ಅದಿರ್ಲಿ. ನೋಡಿದೆಲ್ಲಾ, ಹೆಂಗಿತ್ತು ಹೇಳು."

"ಚಲೋ ಸತ್ತಿದ್ದಿ ಬಿಡಲೇ" ಎಂದರು ದೋಸ್ತರು, ಮತ್ತೆ ಕಣ್ಣೊರೆಸಿಕೊಳ್ಳುತ್ತಾ.

ಒಳಗೆ ಠಣ್ಣೆಂದು ಏನೋ ಬಿತ್ತು. ಕಾಕು ಹೊರಗೆ ಬಂದರು. ಯಾರ ಮುಖವನ್ನೂ ನೋಡದೆ, ಕಟ್ಟೆಯ ಮೇಲಿದ್ದ ಹಾರವನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ತಿಪ್ಪೆಗೆ ಎಸೆದು, ಕೈ ತೊಳೆದು, ದೋಸ್ತರಿಗೆ ಊಟಕ್ಕೆ ಎಡೆ ಮಾಡಿದರು.

ಆ ಠಣ್ಣೆಂಬ ಸದ್ದಿನ ಗುಟ್ಟು ನನಗೆ ತಿಳಿದದ್ದು ಕೆಲವು ದಿನಗಳ ಮೇಲೆ. ಕಾಕಾಗೆ ಮಧ್ಯಾಹ್ನ ಉಂಡ ಮೇಲೆ ಗೋಡೆಗೆ ಒರಗಿ ತೂಕಡಿಸುವ ರೂಢಿ. ಅಂದು ನಾನು ಉಪ್ಪಿನಕಾಯಿ ಕೊಡಲು ಹೋದಾಗ ಅವರು ಹಾಗೇ ನಿದ್ದೆ ಹೋಗಿದ್ದರು, ಕಾಲು ಮಡಚಿ, ತಲೆ ಹಿಂದಕ್ಕೆ ಚೆಲ್ಲಿ. ಅಡಿಗೆಮನೆಯ ಬಾಗಿಲಲ್ಲಿ ಕಾಕು ನಿಂತಿದ್ದರು. ಗಂಡನನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಕೈಯಲ್ಲಿದ್ದ ಸ್ಟೀಲಿನ ಗ್ಲಾಸನ್ನು ಬೇಕೆಂದೇ ಕೈಬಿಟ್ಟರು. ಕಾಕಾ ಬೆಚ್ಚಿ, "ಏನಾತು?" ಎಂದು ಕಣ್ಣು ಬಿಟ್ಟರು.

"ಏನಿಲ್ಲ. ಕೈ ಜಾರ್ತು" ಎಂದರು ಕಾಕು.

ಗ್ಲಾಸನ್ನು ಎತ್ತಿಡಲು ಹೋದವಳು ಗೂಡಿನಲ್ಲಿ ನೋಡಿದೆ. ಸಾಲಾಗಿ ಜೋಡಿಸಿದ್ದ ಗ್ಲಾಸುಗಳಲ್ಲಿ ನೆಗ್ಗದೆ ಉಳಿದದ್ದು ಒಂದೂ ಇರಲಿಲ್ಲ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಸಿನಿಮಾವನ್ನು ನೋಡೇ ನೋಡದ ಒಬ್ಬ ಹೆಣ್ಣುಮಗಳು ದಿನಾ ಮಧ್ಯಾಹ್ನ ಅದನ್ನೇ ನೋಡುತ್ತಿದ್ದಾಳೆ ಎನಿಸಿತು.

ಕಾಕಾಗೂ ಏನೋ ಆಗತೊಡಗಿತ್ತು. ಚಹಾಕ್ಕೆ ಬಂದರೂ ಫೋನಿನ ಕಡೆ ಗದ್ದ ಎತ್ತುವುದು ನಿಂತಿತು. ಒಂದು ದಿನ ನಾನಾಗಿಯೇ, "ಹೊಸಾದೊಂದು ಬಂದೈತ್ರಿ, ಓದಲೇನ್ರಿ?" ಎಂದೆ.

"ಬ್ಯಾಡ ಬಿಡ ತಂಗಿ" ಎಂದರು. ಬಸಿಯಲ್ಲಿ ಉಳಿದ ಚಹಾ ನೋಡುತ್ತಾ ಹೇಳಿದರು: "ಊರ ಮಂದಿ ಹೇಳಿದ್ರೇನು, ಇಂಗ್ಲಿಷಿನಾಗ ಬರದ್ರೇನು. ಆಕಿ ಒಬ್ಬಾಕಿ ನೋಡ್ಲಿಲ್ಲ. ಒಂದ್ ಮಾತು ಬೈಯ್ಯೂದೂ ಇಲ್ಲ. ಬೈದಿದ್ರರೆ ಆಗ್ತಿತ್ತು."

ಚಹಾಕ್ಕೆ ಸಕ್ಕರೆ ಕಡಿಮೆಯೆಂದೂ ಹೇಳದೆ ಎದ್ದು ಹೋದರು. ಅವತ್ತು ನಾನು ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ.

ಅದಾದ ವಾರದಲ್ಲೇ, ಕಾಕಾ ಹಜಾಮತಿಗೆ ಹೋದ ಹೊತ್ತು ನೋಡಿಕೊಂಡು, ಕಾಕು ನಮ್ಮ ಅಡಿಗೆಮನೆಗೆ ಬಂದರು. ಮಣೆಯ ಮೇಲೆ ಕೂತು, ಸೆರಗಿನ ಅಂಚನ್ನು ಸರಿ ಮಾಡಿಕೊಂಡರು. "ಅದೇನೈತಿ, ತೋರ್ಸು ತಂಗಿ. ನೋಡೂಣು."

"ಬಿ.ಪಿ. ಗುಳಿಗಿ ತಗೊಂಡೀರೇನ್ರಿ ಕಾಕು?" ಎಂದೆ.

"ತಗೊಂಡೇನಿ. ನಿಂದೂ ಇದ್ರ ನೀನೂ ತಗೋ. ಮಾರಿ ನೋಡಲ್ಲಿ, ಸುಣ್ಣ ಆಗೈತಿ."

ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಸಿನಿಮಾ ಹಚ್ಚಿದೆ. ಒಂದು ತಂಬಿಗೆ ನೀರು ಹತ್ತಿರ ಇಟ್ಟುಕೊಂಡೆ. ಕಾಕು ಕೊರಳಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಎಳೆಬಿಸಿಲಿನಲ್ಲಿ ಪಡಸಾಲೆ ಬಂತು, ಕಂಬ ಬಂದವು, ಭಜನೆ ಬಂತು. ಆಮೇಲೆ ಕಾಕಾ ಬಂದರು, ಗೋಡೆಗೆ ಒರಗಿ. ಅದೇ ಹೊತ್ತಿಗೆ ನಿಜವಾದ ಕಾಕಾನೂ ಬಂದರು. ಹೊಸ ಹಜಾಮತಿಯ ಕೆನ್ನೆ ಸವರಿಕೊಳ್ಳುತ್ತಾ ಅಡಿಗೆಮನೆಯ ಬಾಗಿಲಿಗೆ ಬಂದವರು, ಹೆಂಡತಿಯ ಬೆನ್ನನ್ನೂ ಅದರಾಚೆಯ ಫೋನನ್ನೂ ಕಂಡು ಅಲ್ಲೇ ನಿಂತುಬಿಟ್ಟರು. ಒಂದು ಕೈ ಕೆನ್ನೆಯ ಮೇಲೇ ಉಳಿಯಿತು.

"ನಿಂದ್ರಸು" ಎಂದರು ಕಾಕು.

ನಿಲ್ಲಿಸಿದೆ. ನೀರಿನ ತಂಬಿಗೆ ಹಿಡಿದುಕೊಂಡೆ. ಕಾಕು ಮುಂದಕ್ಕೆ ಬಾಗಿ, ಮುಖವನ್ನು ಫೋನಿಗೆ ತೀರ ಹತ್ತಿರ ಒಯ್ದು, ಆ ಮುಚ್ಚಿದ ಕಣ್ಣುಗಳನ್ನು, ತುಟಿಯ ಪಕ್ಕದ ಗೆರೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮುಷ್ಟಿ ಮೆಲ್ಲಗೆ ಸಡಿಲವಾಯಿತು.

"ಎಷ್ಟೊತ್ತು ಹಿಂಗ ಕುಂಡ್ರಿಸಿದ್ರು ಇವರನ್ನ?"

ನನಗೆ ಗೊತ್ತಿರಲಿಲ್ಲ. ಬಾಗಿಲಿನಿಂದ ಉತ್ತರ ಬಂತು. "ಮುಂಜಾನಿಂದ ಸಂಜೀತನಕ."

ಕಾಕು ತಿರುಗಿ ನೋಡಲಿಲ್ಲ. "ಎಡಗಾಲು ಮಡಚಿದ್ರ ಒಂದ್ ತಾಸೂ ತಡಿಯೂದಿಲ್ಲ ನಿಮಗ. ಮೊಣಕಾಲು ಹರದು ಹೋಗಾಕತ್ತೈತಿ ಇಲ್ಲಿ. ನೋವು ತಡಕೊಂಡು ಹಲ್ಲು ಕಚಗೊಂಡೀರಿ. ಆ ಹುಡುಗರಿಗೆ ಒಂದ್ ಮಾತು ಹೇಳಾಕ ಆಗ್ಲಿಲ್ಲೇನು?"

"ಸತ್ತಾಂವ ಹೆಂಗ ಹೇಳಬೇಕು?" ಎಂದರು ಕಾಕಾ. ದನಿ ಸಣ್ಣದಾಗಿತ್ತು.

ನಾನು ಆ ಸಿನಿಮಾವನ್ನು ಎಷ್ಟೋ ಸಲ ನೋಡಿದ್ದೆ. ಆ ಮುಖದಲ್ಲಿ ನನಗೆ ಶಾಂತಿಯೇ ಕಂಡಿತ್ತು. ಈಗ ಬಾಗಿ ನೋಡಿದೆ. ಹೌದು, ದವಡೆ ಬಿಗಿದಿತ್ತು. ಅಷ್ಟು ಜನ ನೋಡಿ, ಅತ್ತು, ತಪ್ಪು ಹುಡುಕಿ, ಇಂಗ್ಲಿಷಿನಲ್ಲಿ ಬರೆದರು. ಯಾರಿಗೂ ಅದು ಕಂಡಿರಲಿಲ್ಲ. ಹೆಣದ ಪಾತ್ರ ಮಾಡಿದವನಿಗೆ ಇದಕ್ಕಿಂತ ಕೆಟ್ಟ ಅಭಿಪ್ರಾಯ ಇನ್ನೊಂದಿಲ್ಲ. ಫ್ಯಾನು, ಗಾಳಿ ಎಂದು ಜಗಳಕ್ಕೆ ನಿಲ್ಲುತ್ತಾರೆಂದು ಕಾಕಾನ ಕಡೆ ನೋಡಿದೆ. ಅವರು ಕೆನ್ನೆಯ ಮೇಲಿನ ಕೈಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಕಾಕು ಸ್ವಲ್ಪ ಸರಿದು ಗೋಡೆಯ ಪಕ್ಕ ಜಾಗ ಮಾಡಿದರು. "ಬರ್ರಿ, ಕಾಲು ಚಾಚಿ ಕುಂಡ್ರ್ರಿ" ಎಂದರು. ಅವರು ಬಂದು ಕಾಲು ಚಾಚಿ ಕೂತ ಮೇಲೆ, ನನ್ನ ಇದಿರಿಗೇ, ಆ ಎಡ ಮೊಣಕಾಲಿನ ಮೇಲೆ ಅಂಗೈ ಇಟ್ಟು ನನಗೆ ಹೇಳಿದರು:

"ಹಚ್ಚ ತಂಗಿ ಮುಂದ. ಹೆದರಬ್ಯಾಡ. ಜೀವ ಐತಿ ಇವರಿಗೆ."