ಹೆಣ್ಣು ನವಿಲಿನ ಬಣ್ಣದ ಸೀರೆ

ನಮ್ಮ ಅತ್ತೆ ನವಿಲಿನ ಮೇಲೂ ಹೊಟ್ಟೆಕಿಚ್ಚುಪಡುವ ಹೆಂಗಸು! ಸವದತ್ತಿಯ ಕಡೆಗೆ ಮೋಟಾರು ಇನ್ನೂ ದಾರಿ ಕಂಡಿರದ ಕಾಲ ಅದು. ನಮ್ಮಪ್ಪನಿಗೆ ತಮ್ಮ ಹುಟ್ಟಿದನೆಂದು ಪೇಡೆ ಹಂಚಿದ್ದರಂತೆ. ಆ ತಮ್ಮ ಹರೆಯದಲ್ಲಿ ಎಲ್ಲಮ್ಮ ದೇವಿಗೆ ಮುಡಿಪಾಗಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು ನಮಗೆ ಅತ್ತೆಯಾದಳು. ಊರು ಜೋಗಪ್ಪ ಎಂದಿತು, ಮಕ್ಕಳಾದ ನಾವು ಅತ್ತಿ ಎಂದೆವು. ಒಪ್ಪದವಳು ಒಬ್ಬಳೇ, ಅವಳನ್ನು ಹಡೆದ ನಮ್ಮಜ್ಜಿ. ಹೊಸ್ತಿಲೊಳಗೆ ಬಿಟ್ಟುಕೊಳ್ಳದೆ, ಹೊರಗಿನ ಕಟ್ಟೆಯ ಮೇಲೆ ತಾಟು ಇಟ್ಟು, "ತಮ್ಮಾ, ಉಣ್ಣ ಬಾ" ಎಂದು ಗಂಡುಮಗನನ್ನು ಕರೆದಂತೆ ಕೂಗುವಳು.

ಅತ್ತೆ ಹಿಂದೆ ಮುಂದೆ ನೋಡಿ, "ಯಾರನ್ನ ಕರೀತೀ ಯವ್ವಾ? ಇಲ್ಲಿ ಯಾವ ತಮ್ಮನೂ ಇಲ್ಲಲ್ಲ!" ಎನ್ನುವಳು. ಅಷ್ಟರಲ್ಲಿ ರೊಟ್ಟಿ ಹಪ್ಪಳವಾಗುತ್ತಿತ್ತು. ತಾಯಿ ಒಮ್ಮೆ ಮಗಳೆಂದು ಕರೆಯಲಿ ಎಂಬುದೊಂದೇ ಅವಳ ಆಸೆ. ಇಬ್ಬರಿಗೂ ಒಂದೇ ಹಟ; ರಕ್ತ ಎಲ್ಲಿಗೆ ಹೋಗುತ್ತದೆ ಹೇಳಿ?

ಒಮ್ಮೆ ಗೌಡರು ಚಾವಡಿಯ ಮುಂದೆ ಅವಳನ್ನು ತಡೆದು, "ಗಂಡಸಾಗಿ ಹುಟ್ಟಿ ಇಷ್ಟ ಸಿಂಗಾರ ಯಾಕ ಬೇಕು?" ಎಂದರು. ಅತ್ತೆ ಬಿಡುವವಳೇ!

"ಗೌಡ್ರ, ನವಿಲುತೀರ್ಥದಾಗ ಗಂಡ ನವಿಲು ಮಾರುದ್ದ ಸೆರಗ ಬಿಟ್ಕೊಂಡು ಕುಣೀತೈತಿ. ಮೊದಲ ಅದಕ್ಕ ಧೋತರ ಉಡಸ್ರಿ. ಆಮ್ಯಾಲ ನನ್ನ ಕೇಳ್ರಿ."

ಗೌಡರು ಎಲೆಯಡಿಕೆ ಚೀಲ ಹುಡುಕತೊಡಗಿದರು.

ಆ ನವಿಲಿನ ನೀಲಿಯೇ ತನ್ನ ಸೀರೆಗೂ ಬೇಕೆಂದು ಅತ್ತೆ ಉದುರಿದ ಗರಿಗಳನ್ನು ಆರಿಸಿ ತಂದು, ಕುಟ್ಟಿ, ಹಂಡೆಯಲ್ಲಿ ಕುದಿಸಿದಳು. ಓಣಿಗೆಲ್ಲ ನಾತ! ಗರಿ ಪುಡಿಯಾದೊಡನೆ ನೀಲಿ ಎಲ್ಲಿ ಹೋಯಿತೋ, ಬಿಳಿ ಸೀರೆ ಕೆಸರಿನ ಬಣ್ಣವಾಗಿ ಹೊರಬಂತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಅದನ್ನೇ ಉಟ್ಟು, "ನಗಬ್ಯಾಡ್ರಿ, ಹೆಣ್ಣ ನವಿಲಿನ ಬಣ್ಣ ಇದ ಐತಿ" ಎಂದು ಓಣಿಯೆಲ್ಲ ತಿರುಗಿ ಬಂದಳು.

ಅದೇ ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದು ಊರೊಳಗೆ ಹೊಗೆ ನುಗ್ಗಿತು. ಗಂಡಸರು ಮಾಳಿಗೆ ಹತ್ತಿ ನೋಡುತ್ತ ನಿಂತರು, ಅದೇನು ಮದುವೆಯ ಮೆರವಣಿಗೆಯೋ!

"ಕೆಳಗ ಇಳೀರಿ! ಗಾಳಿ ಊರ ಕಡೆ ಹೊಡ್ಯಾಕ ಹತ್ತೈತಿ. ಕೂಸು, ಮುದುಕರನ್ನ ಕರ್ಕೊಂಡು ಹೊಳಿ ಆಚಿ ನಡೀರಿ, ಅಲ್ಲಿಗೆ ಹೊಗಿ ಬರೂದಿಲ್ಲ" ಎಂದು ಅತ್ತೆ ಮನೆ ಮನೆಯ ಬಾಗಿಲು ಬಡಿದಳು. ಎಲ್ಲರೂ ಹೊರಟರು, ಗೌಡರೂ ಕೂಡ. ದಮ್ಮಿನ ರೋಗದ ನಮ್ಮಜ್ಜಿ ಮಾತ್ರ ಒಳಗೆ ಕೆಮ್ಮುತ್ತ ಕುಳಿತಿದ್ದಳು. ಪೂಜೆಯ ಜಗಲಿಯ ದೇವರನ್ನು ಬಿಟ್ಟು ಬರುವುದಿಲ್ಲವಂತೆ! ಅತ್ತೆ ಹೊಸ್ತಿಲು ದಾಟಿಯೇ ಬಿಟ್ಟಳು. ದೇವರನ್ನು ತನ್ನ ಹಿಂದೆಯೇ ಓಡಿಬಂದಿದ್ದ ನನ್ನ ಉಡಿಗೆ ಹಾಕಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ತಾಯಿಯನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದಳು.

ಆಚೆ ದಡದಲ್ಲಿ ಊರೇ ಕುಳಿತಿತ್ತು. ಉಸಿರು ತಿರುಗಿದ ಮೇಲೆ ಅಜ್ಜಿ ಕಣ್ಣು ತೆರೆದು, ಎದುರಿಗೆ ನಿಂತ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏ ಹುಡುಗಿ, ಮೊದಲ ಸೀರಿ ಕೆಳಗ ಬಿಡು. ಇಷ್ಟ ಮಂದಿ ಗಂಡಸರು ಕುಂತಾರ, ಹೆಣ್ಣಮಗಳಿಗೆ ಅಷ್ಟೂ ತಿಳೀಬಾರದೇನ?"

ಗೌಡರಿಗೇ ಎದುರಾಡಿದ ಅತ್ತೆ ಸೀರೆ ಸರಿಮಾಡಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ತಾಯಿಯ ಪಕ್ಕದಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಅವಳ ಬೆನ್ನು ಸವರುತ್ತ ಬೈಯುತ್ತಲೇ ಇದ್ದಳು. ಆ ಬೈಗುಳ ಮುಗಿಯದೇ ಇರಲಿ ಎಂದು ನನಗನಿಸಿತು.